ಉಪ್ಪಿನ ಕಚೇರಿ, ಕೋಡಿಬಾಗ

ಮೊದಲ ದಿನ ಇನಾಸ ಮೇಸ್ತ್ರಿ ಗೋಡೆಗೆ ಕಿವಿಯಿಟ್ಟ.
ಬೆರಳ ಗೆಣ್ಣಿನಿಂದ ಅಲ್ಲಲ್ಲಿ ಕುಟ್ಟಿದ.
"ಇದಕ್ಕೆ ಸಿಮೆಂಟು ಕೂಡದು ಬಾಯೀ" ಅಂದ,
"ನೂರು ವರ್ಷ ಉಪ್ಪು ಕುಡಿದ ಚಿರೆಕಲ್ಲು.
ಉಸಿರು ಕಟ್ಟಿಸಿದರೆ ಒಳಗೊಳಗೇ ಬೀಗಿ
ಒಂದು ದಿನ ಸಿಪ್ಪೆ ಸಿಪ್ಪೆಯಾಗಿ ಉದುರುತ್ತದೆ."

ಎಂಜಿನಿಯರು ನಕ್ಕರು. ಉತ್ತರದ ಕೋಣೆಗೆ ಸಿಮೆಂಟೇ ಬಳಿಸಿದರು.
ಒಂದು ಮಳೆಗಾಲವೂ ಬೇಕಾಗಲಿಲ್ಲ,
ದೀಪಾವಳಿಗೆ ಬಳಿದದ್ದು ಶಿವರಾತ್ರಿಗೆ ನೆಲದ ಮೇಲಿತ್ತು.
ಆಮೇಲೆ ಚಿಪ್ಪಿಸುಣ್ಣ ಬಂತು, ಬೆಲ್ಲದ ನೀರು ಬಂತು,
ಅರೆಯುವುದಕ್ಕೆ ಬೆಳಸೆಯಿಂದ ಸೋಮಿ ಬಂದಳು,
ಅರೆದದ್ದರಲ್ಲೇ ಒಂದು ಚಿಟಿಕೆ ಕವಳಕ್ಕೂ ತೆಗೆದಿಟ್ಟಳು.

ನಾನು ಟೇಪು ಹಿಡಿದವಳು.
ಟ್ರಸ್ಟಿನ ಕಾಗದದಲ್ಲಿ ತಲೆಗೆ ಇಷ್ಟು ಅಡಿ,
ಇಷ್ಟು ಮಕ್ಕಳಿಗೆ ಒಂದು ನಲ್ಲಿ, ಇಷ್ಟಕ್ಕೆ ಒಂದು ಕಕ್ಕಸು.
ಕಿಟಕಿ ಎಷ್ಟು ಎತ್ತರವೆಂದು ಬರೆದಿರಲಿಲ್ಲ.
ಉಪ್ಪಿನ ಸಾಹೇಬರ ಕಿಟಕಿ ನಿಂತ ಗಂಡಸಿನ ಎದೆಮಟ್ಟಕ್ಕೆ,
ದೋಣಿ ಎಣಿಸುವುದಕ್ಕೆ.
ನಾನು ಮಂಡಿಯೂರಿ ನೋಡಿದೆ: ಬರೀ ಆಕಾಶ.
"ಒಂದೂವರೆ ಅಡಿ ಇಳಿಸು."
ಇನಾಸ ಹೊರಗೆ ಹೋಗಿ ಒಂದು ಬೀಡಿ ಸೇದಿ ಬಂದ. ಇಳಿಸಿದ.
ಈಗ ಮಂಡಿಯೂರಿದರೂ ಕಾಳಿ ಕಾಣುತ್ತದೆ,
ಬಲೆ ಹೊಲಿಯುವವರ ಬೆನ್ನು ಕಾಣುತ್ತದೆ.

ನಡುಮನೆಯ ತೊಲೆಯಲ್ಲಿ ತಕ್ಕಡಿಯ ಕೊಕ್ಕೆ.
ಕಿತ್ತರೆ ತೊಲೆ ಬಿರಿಯುತ್ತದಂತೆ. ಬಿಟ್ಟಿದ್ದೇವೆ.
ಯಾರಾದರೂ ಕೇಳಿದರೆ, ಇಲ್ಲಿ ಉಪ್ಪು ತೂಗುತ್ತಿದ್ದರು ಎನ್ನುವುದು.
ಈಗ ಏನನ್ನೂ ತೂಗುವುದಿಲ್ಲ ಎನ್ನುವುದು.

ಹಳೆ ಸಾಗವಾನಿಯಲ್ಲಿ ವಿಠೋಬ ಆಚಾರಿ
ಇಪ್ಪತ್ತೆಂಟು ಕಪಾಟು ಮಾಡಿದ, ಇಪ್ಪತ್ತೆಂಟು ಬೀಗ.
"ನಂಬರು ಕೊರೆಯಲಾ?" ಅಂತ ಉಳಿ ಎತ್ತಿದ.
ಬೇಡ ಅಂದೆ.
ಜೋರಾಗಿಯೇ ಅಂದಿರಬೇಕು,
ಸೋಮಿ ಅರೆಯುವುದನ್ನು ನಿಲ್ಲಿಸಿ ನೋಡಿದಳು.

ಹಳಿಯಾಳದಲ್ಲಿ ನನ್ನ ತಟ್ಟೆಯ ತಳಕ್ಕೆ ಹದಿನೇಳು,
ಲಂಗದ ಅಂಚಿಗೆ ಕೆಂಪು ನೂಲಲ್ಲಿ ಹದಿನೇಳು.
ಊಟದ ಸಾಲಿನಲ್ಲಿ ನನ್ನ ಮುಂದೆ ಆರು ವರ್ಷ ನಿಂತವಳು ಹದಿನಾರು.
ಅವಳ ಜಡೆಯ ಸಿಕ್ಕು ನೆನಪಿದೆ,
ಹೆಸರು ಇಲ್ಲ.
ಇದನ್ನೆಲ್ಲ ಆಚಾರಿಗೆ ಯಾಕೆ ಹೇಳಲಿ.
"ಅವರೇ ಬರೆದುಕೊಳ್ಳಲಿ ಸೀಮೆಸುಣ್ಣದಲ್ಲಿ" ಅಂದೆ,
"ಬೇಡವಾದ ದಿನ ಒರೆಸಿಕೊಳ್ಳಲಿ."
ಅವನು ಉಳಿಯನ್ನು ಚೀಲಕ್ಕೆ ಹಾಕಿದ.

ಬಾಗಿಲಿಗೆ ಎರಡನೆಯ ಸಲದ ಬಣ್ಣ ಆಗಿರಲಿಲ್ಲ,
ಸಮಿತಿಯ ಜೀಪು ಬಂದೇಬಿಟ್ಟಿತು, ವಾರ ಮೊದಲೇ.
ಮೂವರು. ಅಣ್ಣತಮ್ಮ ಇಬ್ಬರು,
ಒಂದೇ ಚೀಲದ ಎರಡು ಕಿವಿ ಹಿಡಿದುಕೊಂಡು.
ಮೂರನೆಯವಳಿಗೆ ಐದೋ ಆರೋ.
ಕಾಗದದಲ್ಲಿ ಹೆಸರಿನ ಮುಂದೆ ಒಂದು ಗೀಟು.
"ಇದು ಮಾತಾಡೋದಿಲ್ಲ" ಅಂದಳು ಪೋಲೀಸಮ್ಮ,
ರುಜು ಹಾಕಿಸಿಕೊಂಡು ಹೋದಳು.

ನಾನೂ ಕೇಳಲಿಲ್ಲ. ಚಾವಿ ಕೊಟ್ಟೆ.
ಅವಳು ಉತ್ತರದ ಕೋಣೆಯ ಮೂಲೆಗೆ ಹೋಗಿ ನಿಂತಳು,
ಹೊಸ ಸುಣ್ಣದ ಮೇಲೂ ಹರಳು ಮೂಡಿದ್ದ,
ಇನಾಸನೂ ಸೋತ ಒಂದು ಗೇಣು ಜಾಗ.
ಉಗುರಲ್ಲಿ ಕೆರೆದಳು. ನಾಲಿಗೆಗೆ ಮುಟ್ಟಿಸಿದಳು.
ಮುಖ ಕಿವುಚಿ, ತಿರುಗಿ,
ಇದು ನನ್ನದೇ ತಪ್ಪೆಂಬಂತೆ ನೋಡಿ
"ಮೀಟ್" ಅಂದಳು.

ಕೊಂಕಣಿ. ಅಷ್ಟು ಗೊತ್ತಾಯಿತು.
ಕಾಗದದ ಗೀಟು ಹಾಗೇ ಇದೆ, ಇರಲಿ.
ನಾಳೆ ಆಚಾರಿ ಬಚ್ಚಲ ಬಾಗಿಲಿಗೆ ಅಗುಳಿ ಹೊಡೆಯಬೇಕು,
ಒಳಮೈಗೆ,
ಅವಳ ಭುಜದ ಎತ್ತರಕ್ಕೆ.