ಹನ್ನೊಂದನೇ ಟ್ರಾಮು

ಮೂರು ವಾರವಾಯಿತು, ಜಿಂತ್ರಾಳ ಪ್ರೋಗ್ರಾಮಿನಲ್ಲಿ
ಗೆರೆಗಳು ಹೇಳಿದ ಮಾತು ಕೇಳುತ್ತವೆ. ಅದೇ ರೋಗ.
ಬೆರಳು ಹೋದಲ್ಲಿ ಹೋಗುತ್ತವೆ,
ನಿಂತರೆ ನಿಲ್ಲುತ್ತವೆ.

ರೀಗಾ. ಹೊರಗೆ ಮೈನಸ್ ಒಂಬತ್ತು,
ಟ್ರಾಮಿನೊಳಗೆ ಒದ್ದೆ ಉಣ್ಣೆಯ ವಾಸನೆ.
ಮುಂದಿನ ಸೀಟಿನ ಹುಡುಗ ಕೈಗವಸು ಕಚ್ಚಿ ಕಳಚಿ
ಎಲ್ಲರ ಉಸಿರು ಕೂತ ಗಾಜಿನ ಮೇಲೆ
ಕುದುರೆ ಬರೆದ.

ಬರೆದದ್ದು ಬೆನ್ನು ಮಾತ್ರ.
ಕಾಲುಗಳನ್ನು ನೀರೇ ಇಳಿಸಿತು:
ಒಂದು ಹನಿ ಹೊರಟು, ಅನುಮಾನಿಸಿ, ನಿಂತು,
ಪಕ್ಕದ ಹನಿ ಬಂದು ತಾಕಿದ ಮೇಲೆ
ಎರಡೂ ಸರ್ರನೆ ಜಾರಿ

ಐದು ಕಾಲು. ಹುಡುಗ ಎಣಿಸಿ ನಕ್ಕ.

ಇಳಿಯುವ ಸ್ಟಾಪು ದಾಟಿಹೋಗಿತ್ತು.
ಟಿಕೆಟ್ಟಿನ ಹಿಂಬದಿಗೆ ಗೀಚಿದಳು:
‘ತಡೆ. ಜೊತೆಗಾಗಿ ಕಾದಿರು.’

ತಲೆಯೆತ್ತಿದಾಗ
ಹುಡುಗ ತೋಳಿನಿಂದ ಕುದುರೆ ಒರೆಸಿ
ಅಮ್ಮನ ಅಂಗಡಿ ಬಂತೇ ಎಂದು ನೋಡುತ್ತಿದ್ದ.