ಎಂಟು ಥೌ

ಮಹಾಕಾಳಿಪಡ್ಪುವಿನಲ್ಲಿ ರೈಲ್ವೆ ಗೇಟು ಬಿದ್ದರೆ
ಲಿಗೋರಿಯ ಗ್ಯಾರೇಜಿನ ಎದುರು ಇಡೀ ಜೆಪ್ಪು ಹಾರ್ನ್ ಒತ್ತುತ್ತದೆ.
ಅವನಿಗೆ ತಾಗುವುದಿಲ್ಲ.
ದಕ್ಕೆಯ ಬೋಟಿನ ಇಂಜಿನುಗಳಿಗೆ ಹದಿನೆಂಟು ವರ್ಷದಲ್ಲಿ
ಬಲಗಿವಿ ಪೂರ್ತಿ ಕೊಟ್ಟ, ಎಡದ್ದರಲ್ಲಿ ಅರ್ಧ.
ಈಗ ಉದ್ದ ಸ್ಕ್ರೂಡ್ರೈವರಿನ ಮರದ ಹಿಡಿಯನ್ನು
ಹಲ್ಲಿನಲ್ಲಿ ಕಚ್ಚಿ, ತುದಿಯನ್ನು ಇಂಜಿನಿನ ನೆತ್ತಿಗಿಟ್ಟು
ಎಲುಬಿನಿಂದ ಕೇಳುತ್ತಾನೆ.

ನನ್ನದು ಎಪ್ಪತ್ತೊಂಬತ್ತರ ಪದ್ಮಿನಿ.
ಎಡಗಡೆಗೂ ಒಂದು ಕ್ಲಚ್ಚು, ಒಂದು ಬ್ರೇಕು,
ತಲೆಯ ಮೇಲೆ ಕೆಂಪು ಅಕ್ಷರದ ಹಲಗೆ.
ಬೋಳಾರ, ಮಾರ್ನಮಿಕಟ್ಟೆಯ ಹೆಂಗಸರು
ಸೆರಗು ಸಿಕ್ಕಿಸಿ ಗಿಯರು ಕಲಿತದ್ದು ಇದರಲ್ಲೇ;
ಬಾವುಟಗುಡ್ಡೆಯ ಏರಿನಲ್ಲಿ
"ಟೀಚರ್, ಹಿಂದೆ ಹೋಗ್ತದೆ!" ಎಂದು ಕಿರುಚಿದ್ದೂ.

ಅದೇ ಏರಿಗೆ ಈಗ ಕಾರಿಗೇ ಏದುಸಿರು.
ನಿಂತಲ್ಲಿ ನಿಲ್ಲದೆ ಕುಂಟುತ್ತದೆ.
ಪ್ಲಗ್ಗು ಬದಲಿಸಿದೆ, ಪಾಯಿಂಟು ತಿಕ್ಕಿಸಿದೆ,
ಕಾರ್ಬೊರೇಟರನ್ನು ಎರಡು ಸಲ ಪೆಟ್ರೋಲಿನಲ್ಲಿ ಮೀಯಿಸಿದ್ದಾಯಿತು.
ಪಂಪ್‌ವೆಲ್ಲಿನವನೊಬ್ಬ ಬಾನೆಟ್ಟೂ ಎತ್ತದೆ
ಗುಜರಿಯವನ ನಂಬರು ಕೊಟ್ಟ.

ಲಿಗೋರಿ ನನ್ನ ಪರ್ಸಿನಿಂದ ಒಂದು ಬಸ್ ಟಿಕೇಟು ಕೇಳಿದ.
ಸೈಲೆನ್ಸರಿನ ಬಾಯಿಗೆ ಹಿಡಿದ.
ಹೊರಗೆ, ಹೊರಗೆ, ಹೊರಗೆ ಹಾರಿತು ಚೀಟಿ,
ಆಮೇಲೆ ಪಕ್ಕನೆ ಒಳಗೆ ಅಂಟಿತು,
ಅಳುವ ಮಗು ನಡುವೆ ಉಸಿರೆಳೆದ ಹಾಗೆ.

"ಕೀ ತಿರುಗಿಸಿ. ಎಕ್ಸಿಲೇಟರ್ ಪೂರ್ತಿ ಒತ್ತಿ."
ಗೇಜಿನ ಮುಳ್ಳು ಒಂದನೆಯದಕ್ಕೆ ನೂರ ಮೂವತ್ತು,
ಎರಡನೆಯದಕ್ಕೆ ಅದರ ಹತ್ತಿರ.
ಮೂರನೆಯದಕ್ಕೆ ಐವತ್ತೈದರಲ್ಲಿ ಕೂತೇಬಿಟ್ಟಿತು.
ನಾಲ್ಕನ್ನೂ ನೋಡಿ, ಮತ್ತೆ ಮೂರಕ್ಕೆ ಬಂದು
ಒಂದು ಚಮಚ ಆಯಿಲ್ ಹೊಯ್ದ, ಜ್ವರದ ಮಗುವಿಗೆ ಹೊಯ್ದಂತೆ.
ಆಗಲೂ ಐವತ್ತೈದೇ.
"ರಿಂಗ್ ಅಲ್ಲ ಹಾಗಾದ್ರೆ," ಎಂದ.
ಸ್ಕ್ರೂಡ್ರೈವರನ್ನು ಮತ್ತೆ ಕಚ್ಚಿದ. ತುಂಬ ಹೊತ್ತು.
ಕೇರಳದ ಗಾಡಿಯೊಂದು ನೆಲ ನಡುಗಿಸಿ ಹೋಯಿತು.
ಬಾಯಿಂದ ಹಿಡಿ ತೆಗೆದು
ಆ ಅರೆಕಿವುಡ ನನ್ನನ್ನು ಕೇಳಿದ:
"ಇದರ ಶಬ್ದ ಎಲ್ಲಿ ಹೋಯ್ತು?"

ಹೇಳಲೇಬೇಕಾಯಿತು.
ಮಾರ್ಚಿನಲ್ಲಿ ಟ್ಯಾಪೆಟ್ಟು ಟಕಟಕ ಎನ್ನುತ್ತಿತ್ತು,
ಬೀಡಿ ಕಟ್ಟುವವಳ ಕತ್ತರಿಯ ಹಾಗೆ, ಬಿಡುವಿಲ್ಲದೆ.
ಕಾಲೇಜು ಹುಡುಗಿಯರು ಹಿಂದಿನ ಸೀಟಿನಲ್ಲಿ ನಕ್ಕರು.
ಯಾರೋ ಒಬ್ಬನಿಗೆ ಮುನ್ನೂರು ಕೊಟ್ಟು
ಸದ್ದಡಗಿಸು ಎಂದೆ. ಅಡಗಿಸಿದ.
ಎಷ್ಟು ಮೆತ್ತಗೆ ಓಡಿತ್ತು ಗೊತ್ತಾ ಆ ವಾರ!

ಲಿಗೋರಿ ನಗಲಿಲ್ಲ.
ಮೂರನೆಯದರ ರಾಕರ್ ಅಡಿಗೆ
ಫೀಲರ್ ಗೇಜಿನ ತೆಳು ಎಲೆ ತೂರಿಸಿದ. ತೂರಲಿಲ್ಲ.
"ಎಂಟು ಥೌ ಜಾಗ ಬೇಕು ಟೀಚರೇ, ಮೂರು ಕೂದಲಿನಷ್ಟು.
ಬಿಸಿಯಾದ್ರೆ ಅದು ಉದ್ದ ಆಗ್ತದಲ್ಲ, ಎಲ್ಲಿಗೆ ಹೋಗುವುದು?
ಶಬ್ದ ಮುಚ್ಚಿಸಿದ್ರಿ, ವಾಲ್ವ್ ಮುಚ್ಚಲಿಲ್ಲ.
ಬೊಬ್ಬೆ ಹೊಡೆಯುವ ಟ್ಯಾಪೆಟಿಗೆ ಎಂತದೂ ಆಗುವುದಿಲ್ಲ.
ಸುಮ್ಮನಿರುವುದು ಸುಡ್ತದೆ."

ಹೆಡ್ಡು ಇಳಿಸಿ ಅಂಗೈಗೆ ಹಾಕಿದ.
ಎಕ್ಸಾಸ್ಟ್ ವಾಲ್ವು: ಅಂಚಿನಲ್ಲಿ ಒಂದು ಕಚ್ಚು,
ಇಲಿ ತಿಂದ ಹಲಸಿನ ಹಪ್ಪಳ.
ಎಲ್ಲ ಬೆಂಕಿಯೂ ಇಷ್ಟರಿಂದಲೇ ಸೋರಿತ್ತು.
ನಾನು ಅದನ್ನು ಪರ್ಸಿಗೆ ಹಾಕಿಕೊಂಡೆ,
ಯಾಕೆಂದು ಅವನು ಕೇಳಲಿಲ್ಲ.

ಹೊಸ ವಾಲ್ವಿಗೆ ಪೇಸ್ಟು ಸವರಿ
ಎರಡು ಅಂಗೈ ನಡುವೆ ಕೋಲು ತಿರುಗಿಸುತ್ತ ಕೂತ,
ಮಜ್ಜಿಗೆ ಕಡೆಯುವವನಂತೆ, ಮಧ್ಯಾಹ್ನ ಪೂರ್ತಿ.
ಕವುಚಿಟ್ಟ ಹೆಡ್ಡಿನ ಗುಳಿಗಳಿಗೆ ಸೀಮೆಎಣ್ಣೆ ತುಂಬಿಸಿ
ಚಾ ಕುಡಿಯಲು ಹೋದೆವು. ಬಂದಾಗ
ಒಂದು ಹನಿಯೂ ಇಳಿದಿರಲಿಲ್ಲ.

ಸೋಮವಾರ ಬೆಳಿಗ್ಗೆ ಜುಲೇಕಾ, ಹನ್ನೆರಡನೆಯ ಕ್ಲಾಸು.
ಹನ್ನೊಂದರಲ್ಲಿ ಅವಳು ಆಡಿದ್ದು ಹೂಂ, ಸರಿ, ಇಷ್ಟೇ.
ಬಾವುಟಗುಡ್ಡೆಯ ಬುಡದಲ್ಲಿ ಕಾಲು ತಡೆದು
ಮೊದಲ ಸಲ ನನ್ನ ಕಡೆ ತಿರುಗಿದಳು:
"ಟೀಚರ್, ಎಂತದೋ ಟಕಟಕ ಅಂತ ಉಂಟು."
"ಹೌದು, ಉಂಟು," ಎಂದೆ.
"ಒಂದನೇ ಗಿಯರಿಗೆ ಹಾಕಿ."