ಎರಡನೇ ಫೋಟೋ

ಶ್ರೀರಾಂಪುರದಲ್ಲಿ, ಮೆಟ್ರೋ ಕಂಬದ ಪಕ್ಕ ನನ್ನ ಸ್ಟುಡಿಯೋ.
ಎಂಟು ಫೋಟೋಗೆ ಎಂಬತ್ತು ರೂಪಾಯಿ, ಕೋಟು ಬಿಟ್ಟಿ.
ಒಂದೇ ಕೋಟು; ಕಂಕುಳಲ್ಲಿ
ನೂರಾರು ಜನರ ಇಂಟರ್ವ್ಯೂ ಬೆವರು.

ಕೆಲಸದ ಅರ್ಜಿಗೆ ಅಂದರೆ ನಾನು ಕೇಳುವುದೇ ಇಲ್ಲ,
ಮೌಸು ತಾನಾಗಿ ಎರಡು ಗೆರೆ ಬಲಕ್ಕೆ ಸರಿಯುತ್ತದೆ.
ಮೊಡವೆ ಹೋಗುತ್ತದೆ,
ಕಣ್ಣ ಕೆಳಗಿನ ರಾತ್ರಿಪಾಳಿ ಹೋಗುತ್ತದೆ,
ರಾಗಿ ಗೋಧಿಯಾಗಿ, ಗೋಧಿ ಮೈದಾ ಆಗಿ.

ಲಗ್ಗೆರೆಯ ಚೆಲುವಾಂಬ ಬಂದಿದ್ದು ಆಷಾಢದಲ್ಲಿ.
ಹೆಸರು ಕೇಳಿ ನಾನು ನಕ್ಕಿರಲಿಲ್ಲ, ಆದರೂ
"ಅಜ್ಜಿಯ ಹೆಸರು" ಅಂದಳು.
ಜಯನಗರದ ಒಡವೆ ಅಂಗಡಿಯಲ್ಲಿ ಕೆಲಸ ಸಿಕ್ಕಿತು,
ಒಳಗಿನ ಲೆಕ್ಕಕ್ಕೆ. ಕೌಂಟರಿಗಲ್ಲ.

ಮೊನ್ನೆ ಮತ್ತೆ ಬಂದು ಬಾಗಿಲಲ್ಲೇ ನಿಂತಳು:
"ಹಾಜರಿ ಮಿಷನ್ನು ನನ್ನ ಗುರುತು ಹಿಡಿಯಲ್ಲ ಸಾರ್.
ಅದಕ್ಕೆ ನಿಮ್ಮ ಫೋಟೋನೇ ಹಾಕಿದಾರೆ.
ದಿನಾ ಬೆಳಿಗ್ಗೆ ಮುಖ ತೋರಿಸ್ತೀನಿ, ಕೆಂಪು ದೀಪ.
ಹಿಂದೆ ಸಾಲು.
ಪೌಡರ್ ಮೆತ್ತಿಕೊಂಡ ದಿನ ಮಾತ್ರ ಹಸಿರು.
ಈ ತಿಂಗಳು ಆರು ದಿನದ ಸಂಬಳ ಕಟ್."

ಹಳೆಯ ಫೈಲು ಹುಡುಕಿದೆ. ಬೆಳ್ಳಗಾದದ್ದು ಇತ್ತು,
ಅದರಡಿ ಇದ್ದದ್ದನ್ನು ಇಟ್ಟುಕೊಂಡಿರಲಿಲ್ಲ.
ಯಾರದ್ದನ್ನೂ ಇಟ್ಟುಕೊಂಡಿಲ್ಲ, ಹನ್ನೊಂದು ವರ್ಷ.

ಸ್ಟೂಲಿನ ಮೇಲೆ ಕೂತಳು. ಗದ್ದ ಸ್ವಲ್ಪ ಎತ್ತಿ, ಅಂದೆ.
ಮೇಲೆ ರೈಲು ಹೋಯಿತು, ನೀಲಿ ಪರದೆ ನಡುಗಿತು.
"ಇದ್ದಂಗೇ ಇರಲಿ ಸಾರ್."
ಇರಲಿ, ಅಂದೆ.

ಕಂಪ್ಯೂಟರಿನಲ್ಲಿ ಅವಳ ಮುಖ ತುಂಬಿಕೊಂಡಿತು.
ನನ್ನ ಕೈ ಮೌಸಿನ ಮೇಲಿತ್ತು.
ಅವಳು ಮುಖ ನೋಡಲಿಲ್ಲ,
ಕೈಯನ್ನೇ ನೋಡುತ್ತಿದ್ದಳು.